ಚೀಟಿ ದುಡ್ಡಿನ ಒಂದು ಊಟ: ಪ್ಯಾರಿಸ್‌ನಲ್ಲಿ ಏಳು ದಿನ

ಮದುವೆಯಾದ ಹೊಸತರಲ್ಲಿ, 2000ನೇ ಇಸವಿಯಲ್ಲಿ, ನಾವಿಬ್ಬರೂ ಊಟಿಗೆ ಹೋಗಿದ್ದೆವು. ಅಲ್ಲೊಂದು ದೊಡ್ಡ ಹೋಟೆಲು. ಬಿಳಿ ಬಟ್ಟೆ ಹಾಸಿದ ಟೇಬಲ್ಲು, ತಲೆಗೆ ಪೇಟ ಸುತ್ತಿದ ವೇಟರ್ರು. ಕೂತೆವು. ಮೆನು ಬಂತು. ನಮ್ಮನೆಯವರು ರೇಟು ನೋಡಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಪರ್ಸು ರೂಮಲ್ಲೇ ಬಿಟ್ಟು ಬಂದಿದೀನಿ, ಈಗ ತರ್ತೀನಿ" ಅಂತ ವೇಟರ್‌ಗೆ ಹೇಳಿ ನನ್ನನ್ನೂ ಎಬ್ಬಿಸಿಕೊಂಡು ಹೊರಗೆ ಬಂದರು. ಪರ್ಸು ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಉಬ್ಬಿಕೊಂಡು ಕಾಣುತ್ತಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ಟೊಮೆಟೊ ಬಾತ್ ತಿಂದು ರೂಮಿಗೆ ಹೋದೆವು. ಇಪ್ಪತ್ತೈದು ವರ್ಷದಿಂದ ನಮ್ಮ ಮನೆಯಲ್ಲಿ ಯಾರಾದರೂ ದುಡ್ಡಿಗೆ ಹಿಂದೆ ಮುಂದೆ ನೋಡಿದರೆ "ಪರ್ಸು ರೂಮಲ್ಲೇ ಇದೆ" ಅನ್ನುವುದು ರೂಢಿಯಾಗಿಬಿಟ್ಟಿದೆ.

ಹಾಗಾಗಿ ಇಪ್ಪತ್ತೈದನೇ ವರ್ಷಕ್ಕೆ ಪ್ಯಾರಿಸ್ ಅಂತ ನಿಕ್ಕಿಯಾದಾಗ ನಾನೊಂದು ಮಾತು ಹೇಳಿದೆ. ಟಿಕೆಟ್ಟು, ವೀಸಾ, ರೂಮು ನಿಮ್ಮದು. ಒಂದೇ ಒಂದು ದೊಡ್ಡ ಊಟ ನನ್ನದು. ದಾವಣಗೆರೆಯಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ನಡೆಸುವ ಚೀಟಿಯಲ್ಲಿ ನನಗೆ 60 ಸಾವಿರ ಬಂದಿತ್ತು. ಅದನ್ನು ಯೂರೋ ಮಾಡಿಸಿದಾಗ 580 ಚಿಲ್ಲರೆ ಸಿಕ್ಕಿತು. ಮದುವೆ ಮುಯ್ಯಿಗೆ ಕೊಡುತ್ತೇವಲ್ಲ, ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಕವರು, ಅದರಲ್ಲಿ ಹಾಕಿಟ್ಟೆ. ಮೇಲೆ "ಊಟ" ಅಂತ ಬರೆದೆ, ಇವರು ಅದರಲ್ಲಿ ಮೆಟ್ರೋ ಪಾಸು ತೆಗೆಸಬಾರದು ಅಂತ.

ಯಾವ ಹೋಟೆಲು ಅನ್ನುವುದು ಮಾತ್ರ ತೀರ್ಮಾನ ಆಗಿರಲಿಲ್ಲ. ನಾನು ಮೊಟ್ಟೆ ಕೂಡ ಮುಟ್ಟುವುದಿಲ್ಲ. ನಮ್ಮನೆಯವರು ಬ್ಯಾಂಕಿನವರು, ಮಂಗಳೂರು ಬ್ರಾಂಚಿನಲ್ಲಿ ಐದು ವರ್ಷ ಇದ್ದಾಗ ಮೀನಿಂದ ಶುರು ಮಾಡಿ ಎಲ್ಲ ಕಲಿತರು. ಮನೆಯೊಳಗೆ ತರುವುದಿಲ್ಲ, ಹೊರಗೆ ಬಿಡುವುದಿಲ್ಲ. ಜೊತೆಗೆ ಅಲ್ಲಿಂದ "ಮಾರಾಯ್ತಿ" ಅನ್ನುವ ಮಾತನ್ನೂ ತಂದರು.

ಶನಿವಾರ

ಅಕ್ಟೋಬರ್ ಮೊದಲ ವಾರ. ಗಾರ್ ದು ನಾರ್ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ರೂಮು. ಲಿಫ್ಟಿನಲ್ಲಿ ಒಬ್ಬರು, ಒಂದು ಸೂಟ್‌ಕೇಸು, ಅಷ್ಟೇ ಹಿಡಿಸುವುದು. ಮೊದಲು ಇವರನ್ನು ಕಳಿಸಿ ಆಮೇಲೆ ನಾನು ಹೋದೆ.

ನಿದ್ದೆ ಇಲ್ಲದ ಕಣ್ಣಲ್ಲೇ ಐಫೆಲ್ ಟವರ್ ನೋಡಿ ಬಂದೆವು. ಹೊಟ್ಟೆ ಚುರುಗುಟ್ಟುತ್ತಿತ್ತು. ಹತ್ತಿರದ ಬೀದಿಯಲ್ಲಿ ಒಬ್ಬ ವೇಟರು ಹೊರಗೆ ನಿಂತು, ನಮ್ಮ ಬಸ್ ಸ್ಟ್ಯಾಂಡಿನ ಲಾಡ್ಜಿನವರ ಹಾಗೆ "ಕಮ್ ಕಮ್, ನಮಸ್ತೆ" ಅಂತ ಕರೆದ. ನಮಸ್ತೆ ಅಂದನಲ್ಲ ಅಂತ ಹೋದೆವು. ಮೆನುವಿನಲ್ಲಿ ಆರು ಭಾಷೆ, ಎಲ್ಲದಕ್ಕೂ ಬಣ್ಣದ ಫೋಟೋ. "ನೋ ಮೀಟ್" ಅಂತ ಮೂರು ಸಲ ಹೇಳಿ ಪಾಸ್ತಾ ತರಿಸಿದೆ. ಬೆಳ್ಳಗಿನ ಸಾಸಿನ ನಡುವೆ ಸಣ್ಣಸಣ್ಣ ಗುಲಾಬಿ ಚೂರುಗಳು. ಗಜ್ಜರಿ ಇರಬಹುದು ಅಂತ ಚಮಚದಲ್ಲಿ ಎತ್ತಿ ನೋಡಿದೆ. ಗಜ್ಜರಿ ಅಲ್ಲ. ಹಂದಿ. ತಟ್ಟೆಯನ್ನು ಸುಮ್ನೆ ಇವರ ಕಡೆ ಸರಿಸಿದೆ. "ನೀವು ತಿನ್ನಿ, ನಾನು ಬ್ರೆಡ್ ತಿಂತೀನಿ."

ಈ ಮಾತನ್ನು ನಾನು ಜೀವನದಲ್ಲಿ ಎಷ್ಟು ಸಲ ಹೇಳಿದ್ದೇನೋ. ಆ ದಿನ ಅದು ಲೆಕ್ಕಕ್ಕೆ ಬಂದಿರಲಿಲ್ಲ.

ಬಿಲ್ಲು ಬಂದಾಗ ನೀರಿಗೇ 8 ಯೂರೋ. "ವಾಟರ್?" ಅಂತ ಕೇಳಿದ್ದ, "ಹೂಂ" ಅಂದಿದ್ದೆವು, ಬಾಟಲಿ ತಂದಿಟ್ಟಿದ್ದ. ರೂಮಿನ ಕೌಂಟರಿನ ಹುಡುಗಿ ಆಮೇಲೆ ಹೇಳಿಕೊಟ್ಟಳು: "ಯೂನ್ ಕರಾಫ್ ದೋ" ಅಂತ ಕೇಳಿದರೆ ನಲ್ಲಿ ನೀರನ್ನು ಹೂಜಿಯಲ್ಲಿ ಪುಕ್ಕಟೆ ತಂದಿಡುತ್ತಾರೆ. ಇನ್ನೊಂದು ಮಾತನ್ನೂ ಹೇಳಿದಳು. ಈ ದೇಶದಲ್ಲಿ ಪ್ರತಿ ಹೋಟೆಲೂ ಮೆನುವನ್ನು ರೇಟಿನ ಸಮೇತ ಬಾಗಿಲ ಹೊರಗೆ ಹಾಕಲೇಬೇಕು, ಕಾಯಿದೆ. ಎಷ್ಟೇ ದೊಡ್ಡ ಹೋಟೆಲಾಗಲಿ. ತೆರಿಗೆ, ಸರ್ವಿಸ್ ಎಲ್ಲ ಆ ರೇಟಿನೊಳಗೇ ಇರುತ್ತೆ. ಅಂದರೆ ಒಳಗೆ ಕೂತು ರೇಟು ನೋಡಿ ಪರ್ಸು ಮರೆಯುವ ಪ್ರಸಂಗವೇ ಇಲ್ಲ! ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು. ಅವಳಿಗೆ ಯಾಕೆ ಅಂತ ಗೊತ್ತಾಗಲಿಲ್ಲ.

ರಾತ್ರಿ ಲಾ ಶಾಪೆಲ್ ಕಡೆ ನಡೆದುಕೊಂಡು ಹೋದೆವು. ಶ್ರೀಲಂಕಾದ ತಮಿಳರ ಅಂಗಡಿ ಬೀದಿ. ಕರಿಬೇವು, ನುಗ್ಗೆಕಾಯಿ, ಸೀರೆ, ಎಲ್ಲ ಇದೆ. ದೋಸೆ ಸಿಕ್ಕಿತು. ದಾವಣಗೆರೆಯವಳು ನಾನು, ಬೆಣ್ಣೆ ಇಲ್ಲದ ದೋಸೆ ಕಂಡರೆ ಮುಖ ಸಿಂಡರಿಸುವವಳು. ಆ ರಾತ್ರಿ ಎರಡು ತಿಂದೆ.

ಭಾನುವಾರ

ಈ ದಿನಕ್ಕೆ ಇವರು ಹತ್ತು ವರ್ಷದಿಂದ ಕಾಯುತ್ತಿದ್ದರು. ನೋತ್ರ್ ದಾಮ್ ಚರ್ಚಿಗಾಗಿ ಅಲ್ಲ. ಅದರ ಹಿಂದೆ, ಸೇನ್ ನದಿ ದಾಟಿದರೆ ಸಿಗುವ ಲಾ ತೂರ್ ದಾರ್ಜಾಂ ಅನ್ನುವ ಹೋಟೆಲಿಗಾಗಿ.

ಚರ್ಚನ್ನೂ ನೋಡಿದೆವು ಅನ್ನಿ. 2019ರ ಏಪ್ರಿಲ್‌ನಲ್ಲಿ ಸುಟ್ಟುಹೋಗಿದ್ದನ್ನು ಟೀವಿಯಲ್ಲಿ ನೋಡಿದ್ದೆ. 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆಗೆದರು. ಒಳಗಿನ ಕಲ್ಲೆಲ್ಲ ತೊಳೆದು ಕೆನೆಯ ಬಣ್ಣಕ್ಕೆ ಬಂದಿದೆ. ಕ್ಯೂ ಉದ್ದವಿತ್ತು, ಆದರೆ ಬೇಗ ಸರಿಯಿತು.

ಇವರು ಕ್ಯೂನಲ್ಲಿ ನಿಂತೇ ಬಾತುಕೋಳಿ ಕಥೆ ಮತ್ತೊಮ್ಮೆ ಹೇಳಿದರು. ಆ ಹೋಟೆಲಿನವರು ತಾವು 1582ರಿಂದ ಇದ್ದೇವೆ ಅನ್ನುತ್ತಾರೆ. ಅಲ್ಲಿನ ಹೆಸರಾಂತ ಅಡುಗೆ ಬಾತುಕೋಳಿಯದು. ಮೂಳೆಯನ್ನೆಲ್ಲ ಒಂದು ಬೆಳ್ಳಿಯ ಪ್ರೆಸ್ಸಿನಲ್ಲಿ ಹಿಂಡಿ, ಬಂದ ರಸದಲ್ಲಿ ಸಾಸು ಮಾಡುತ್ತಾರೆ. 1890ರಿಂದ ಪ್ರತಿ ಬಾತುಕೋಳಿಗೂ ಒಂದು ನಂಬರು. ತಿಂದವರಿಗೆ ಆ ನಂಬರಿನ ಕಾರ್ಡು ಕೊಡುತ್ತಾರೆ. 2003ರಲ್ಲಿ ಹತ್ತು ಲಕ್ಷ ದಾಟಿತು. ರಾಜರು, ಪ್ರೆಸಿಡೆಂಟರೆಲ್ಲ ತಿಂದ ಬಾತುಕೋಳಿಗಳ ನಂಬರನ್ನು ಬರೆದಿಟ್ಟಿದ್ದಾರಂತೆ. ಇವರಿಗೆ ಬಾತುಕೋಳಿಗಿಂತ ಆ ಕಾರ್ಡಿನ ಮೇಲೇ ಕಣ್ಣು. ಬ್ಯಾಂಕಿನವರು ನೋಡಿ, ನಂಬರು ಇರುವುದರ ಮೇಲೆಲ್ಲ ಪ್ರೀತಿ.

ಸೇತುವೆ ದಾಟಿ ಹೋದೆವು. ಕೆ ದ ಲಾ ತೂರ್ನೆಲ್, 15ನೇ ನಂಬರು. ಭಾನುವಾರ ರಜ. ಪರವಾಗಿಲ್ಲ, ನಮಗೆ ಬೇಕಾಗಿದ್ದು ಗೋಡೆ ಮೇಲಿನ ಮೆನು. ಊಟದ ಹಾಲ್ ಆರನೇ ಮಹಡಿಯಲ್ಲಿ, ಕಿಟಕಿಯಿಂದ ನದಿ ಮತ್ತು ಚರ್ಚು. ಕೆಲವು ವರ್ಷದ ಹಿಂದೆ ಮುಚ್ಚಿ, ರಿಪೇರಿ ಮಾಡಿ, 2023ರಲ್ಲಿ ಹೊಸದಾಗಿ ತೆಗೆದಿದ್ದಾರೆ. ಇವರು ಕನ್ನಡಕ ಹಣೆಗೇರಿಸಿ, ಫೋನಿನಲ್ಲಿ ಅನುವಾದ ಮಾಡಿಕೊಂಡು ಸಾಲು ಸಾಲು ಓದಿದರು. ಬಾತುಕೋಳಿ ಸಿಕ್ಕಿತು. ರೇಟು ನೋಡಿ ನನಗೆ ಎದೆ ಧಸಕ್ಕೆಂದಿತು, ಆದರೆ ಕವರು ನನ್ನದೇ ಅಲ್ವಾ, ಗಟ್ಟಿ ಮನಸ್ಸು ಮಾಡಿದೆ.

"ಇದು ಇಬ್ಬರಿಗೆ ಅಂತ ಮಾಡೋದು ಕಣೆ" ಅಂದರು.

"ಆಯ್ತಲ್ರೀ, ಇಬ್ಬರ ಪಾಲೂ ನೀವೇ ತಿನ್ನಿ. ನಾನು ಬ್ರೆಡ್ ತಿಂತೀನಿ."

ಇವರು ಓದುವುದನ್ನು ನಿಲ್ಲಿಸಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದೊಂದೇ ಬೆರಳು ಮಡಚುತ್ತಾ ಹೇಳತೊಡಗಿದರು. "ಮಂಗಳೂರಲ್ಲಿ ನನ್ನ ಪ್ರಮೋಷನ್ ಪಾರ್ಟಿ, ನೀನು ಮೊಸರನ್ನ ತಿಂದೆ. ಗೋವಾದಲ್ಲಿ ಬ್ರೆಡ್ಡು, ಜಾಮು. ತಮ್ಮನ ಮದುವೆ ರಿಸೆಪ್ಷನ್ನು, ಸಲಾಡು. ನಿನ್ನೆ ಬ್ರೆಡ್ಡು. ನಿನ್ನ ಚೀಟಿ ದುಡ್ಡಲ್ಲಿ ನೀನೇ ಬ್ರೆಡ್ ತಿನ್ನೋದು ಯಾವ ನ್ಯಾಯ ಮಾರಾಯ್ತಿ?"

"ಸಸ್ಯಾಹಾರಿಗಳಿಗೂ ಏನಾದ್ರೂ ಮಾಡಿಕೊಡ್ತಾರೇನೋ, ಕೇಳಿದ್ರಾಯ್ತು."

"ಏನಾದ್ರೂ ಮಾಡಿಕೊಡೋದು ಬೇರೆ" ಅಂದರು.

ನದಿ ದಂಡೆಯಲ್ಲಿ ಹಸಿರು ಪೆಟ್ಟಿಗೆಗಳಲ್ಲಿ ಹಳೇ ಪುಸ್ತಕ ಮಾರುವವರ ಹತ್ತಿರ ಹೋಗಿ ಇವರು ಬೇಕಿಲ್ಲದ ಪೋಸ್ಟ್‌ಕಾರ್ಡುಗಳನ್ನು ತಿರುವಿ ಹಾಕುತ್ತಾ ನಿಂತರು. ನಾನು ಹಿಂದಿನಿಂದ ಆ ಆರನೇ ಮಹಡಿಯ ಗಾಜುಗಳನ್ನು ನೋಡಿದೆ. ಹೊಟ್ಟೆಯಲ್ಲಿ ಸಂಕಟವೇ ಆಯಿತು ಅನ್ನಿ, ಹತ್ತು ವರ್ಷದ ಆಸೆ.

ಸೋಮವಾರ

ಲೂವ್ರ್ ಮ್ಯೂಸಿಯಂ. ಮೋನಾಲಿಸಾಳನ್ನು ಮುನ್ನೂರು ಫೋನುಗಳ ಆಚೆಗೆ ನೋಡಿದೆ. ಅದರ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ.

ಮಧ್ಯಾಹ್ನ ಪಕ್ಕದ ಪಾಲೆ ರುವಾಯಲ್ ತೋಟದಲ್ಲಿ ಕೂತು ಕಾಲು ನೀವಿಕೊಂಡೆವು. ಅದರ ಕಮಾನುಗಳ ಕೆಳಗೆ ಲ ಗ್ರಾಂ ವೆಫೂರ್ ಅನ್ನುವ ಹೋಟೆಲಿದೆ. 1784ರಲ್ಲಿ ಕಾಫಿ ಅಂಗಡಿಯಾಗಿ ಶುರುವಾಗಿದ್ದು. ಗಾಜಿನಿಂದ ಇಣುಕಿದರೆ ಗೋಡೆ, ಸೂರು ಎಲ್ಲ ಚಿತ್ರಗಳು, ಚಿನ್ನದ ಬಣ್ಣ. ನೆಪೋಲಿಯನ್ ಕೂಡ ಬರುತ್ತಿದ್ದ ಅನ್ನುತ್ತಾರೆ. ಅರಮನೆಯಲ್ಲಿ ಊಟಕ್ಕೆ ಕೂತಂತೆ ಇರುತ್ತೆ ಅಂತ ಇವರಿಗೆ ಆಸೆ. ನನಗೆ ಯಾಕೋ ಆ ಚಿತ್ರಗಳ ನಡುವೆ ನನ್ನ ತಟ್ಟೆಯಲ್ಲಿ ಏನಿರುತ್ತೆ ಅನ್ನುವುದೇ ಕಾಣಲಿಲ್ಲ.

ಆದರೆ ಅಲ್ಲಿ ಗೋಡೆ ಓದುತ್ತಾ ಒಂದು ಗೊಂದಲ ಬಗೆಹರಿಯಿತು. "ಮೆನು" ಅಂದರೆ ಇಲ್ಲಿ ಪಟ್ಟಿಯಲ್ಲ. ಒಂದೇ ರೇಟಿಗೆ ಇಷ್ಟು ಬಗೆ ಅಂತ ಕಟ್ಟಿಟ್ಟ ಊಟ, ನಮ್ಮ "ಮೀಲ್ಸ್" ಇದ್ದ ಹಾಗೆ. ನಾವು ಮೆನು ಅನ್ನುವುದಕ್ಕೆ ಇಲ್ಲಿನವರು "ಕಾರ್ತ್" ಅನ್ನುತ್ತಾರೆ. "ಆಂತ್ರೆ" ಅಂದರೆ ಮೊದಲು ಬರುವ ಸಣ್ಣ ತಟ್ಟೆ, "ಪ್ಲಾ" ಅಂದರೆ ಮುಖ್ಯ ಊಟ. ಇನ್ನೊಂದು ಕಂಡಿದ್ದು: ದೊಡ್ಡ ದೊಡ್ಡ ಹೋಟೆಲುಗಳಲ್ಲೂ ಮಧ್ಯಾಹ್ನದ ಮೆನು ರಾತ್ರಿಗಿಂತ ಎಷ್ಟೋ ಕಮ್ಮಿ. ಅದೇ ಅಡುಗೆಮನೆ, ಅದೇ ಕೈ. ಬಗೆ ಒಂದೆರಡು ಕಮ್ಮಿ ಇರಬಹುದು, ನಮ್ಮ ವಯಸ್ಸಿಗೆ ಅದೂ ಒಳ್ಳೆಯದೇ. ರಾತ್ರಿ ಹನ್ನೊಂದಕ್ಕೆ ಉಂಡು ಮಲಗಿ ಎದೆಯುರಿ ಹತ್ತಿಸಿಕೊಳ್ಳುವ ಬದಲು ಮಧ್ಯಾಹ್ನ ಉಂಡು ಮೂರು ಮೈಲಿ ನಡೆಯಬಹುದು.

ಸಂಜೆ ಹೊಟ್ಟೆ ಪಾಡಿಗೆ ಬುಯೋಂ ಶಾರ್ತಿಯೇಗೆ ಹೋದೆವು. 1896ರಲ್ಲಿ ಕೂಲಿಯವರಿಗೆ, ಗುಮಾಸ್ತರಿಗೆ ಅಗ್ಗದಲ್ಲಿ ಬಿಸಿ ಊಟ ಕೊಡಲು ಶುರುವಾದ ಜಾಗ. ಈಗಲೂ ಅಗ್ಗವೇ. ನಮ್ಮ ದರ್ಶಿನಿ ಗಲಾಟೆಯನ್ನು ಕಲ್ಯಾಣ ಮಂಟಪದೊಳಗೆ ಕೂರಿಸಿದರೆ ಹೇಗಿರುತ್ತೆ, ಹಾಗೆ. ಎತ್ತರದ ಸೂರು, ಗಾಜಿನ ದೊಡ್ಡ ದೀಪಗಳು, ಕರಿ ಜಾಕೀಟಿನ ವೇಟರುಗಳು ಕೈತುಂಬ ತಟ್ಟೆ ಹಿಡಿದು ಓಡುತ್ತಿರುತ್ತಾರೆ. ಗುರುತಿಲ್ಲದವರ ಜೊತೆ ಒಂದೇ ಟೇಬಲ್ಲಿಗೆ ಕೂರಿಸುತ್ತಾರೆ. ನಾನು ಎಣ್ಣೆ, ವಿನೆಗರ್ ಹಾಕಿದ ಬೇಯಿಸಿದ ಲೀಕ್ ತಿಂದೆ, ಈರುಳ್ಳಿ ದಂಟಿನ ದೊಡ್ಡಣ್ಣ ಅದು. ಜೊತೆಗೆ ಆಲೂಗಡ್ಡೆ. ವೇಟರು ನಾವು ಹೇಳಿದ್ದನ್ನೆಲ್ಲ ಟೇಬಲ್ಲಿಗೆ ಹಾಸಿದ ಕಾಗದದ ಮೇಲೇ ಪೆನ್ನಲ್ಲಿ ಗೀಚಿದ. ಎದ್ದು ಹೊರಡುವಾಗ ಅಲ್ಲೇ ಕೂಡಿಸಿ, ಗೆರೆ ಎಳೆದು, ಮೊತ್ತ ಬರೆದ. ಇವರು ಅವನ ಕೂಡುವ ವೇಗ ನೋಡಿ ದಂಗಾದರು.

"ಇದೇ ಸಾಕಲ್ವೇನ್ರೀ? ಕವರಿನ ದುಡ್ಡು ಹಾಗೇ ಉಳಿಯುತ್ತೆ" ಅಂದೆ.

"ಪರ್ಸು ರೂಮಲ್ಲೇ ಇದೆಯಾ?" ಅಂದರು.

ಮಂಗಳವಾರ

ರೋದಾಂ ಅನ್ನುವ ಶಿಲ್ಪಿಯ ಮ್ಯೂಸಿಯಂ. ಗಲ್ಲಕ್ಕೆ ಕೈಕೊಟ್ಟು ಕೂತ ಆ ಚಿಂತಕ ತೋಟದಲ್ಲಿ, ಗುಲಾಬಿ ಗಿಡಗಳ ನಡುವೆ ಇದ್ದಾನೆ. ಮಳೆ ಸಣ್ಣಗೆ ಹನಿಯುತ್ತಿತ್ತು. ಅವನ ಬೆನ್ನ ಮೇಲೆ ನೀರು ಇಳಿಯುವುದನ್ನು ನೋಡುತ್ತಾ ತುಂಬ ಹೊತ್ತು ನಿಂತಿದ್ದೆ.

ಹೊರಗೆ ಬಂದರೆ ಅದೇ ರೂ ದ ವರೆನ್ ಬೀದಿಯಲ್ಲಿ, ಸ್ವಲ್ಪ ಮುಂದೆ ಮೂಲೆಯಲ್ಲಿ, 84ನೇ ನಂಬರಿನಲ್ಲಿ ಒಂದು ಹೋಟೆಲು. ಹೋಟೆಲು ಅಂತ ಹೇಳಿದರೆ ಮಾತ್ರ ಗೊತ್ತಾಗುವಂಥದ್ದು. ಕಂಬವಿಲ್ಲ, ಚಿನ್ನವಿಲ್ಲ, ನದಿ ಕಾಣುವುದಿಲ್ಲ. ಆರ್ಪೆಜ್ ಅಂತ ಹೆಸರು. ಅಭ್ಯಾಸಬಲದಿಂದ ಗೋಡೆ ಓದಲು ನಿಂತೆವು. ಇವರು ಫೋನು ಹಿಡಿದವರು ಇದ್ದಕ್ಕಿದ್ದಂತೆ "ಏಯ್, ಇಲ್ಲಿ ನೋಡು ಇಲ್ಲಿ ನೋಡು" ಅಂದರು.

ಮಾಂಸ ಇಲ್ಲ. ಮೀನು ಇಲ್ಲ. ಮೊಟ್ಟೆ ಇಲ್ಲ. ಹಾಲು ಕೂಡ ಇಲ್ಲ.

ಮಳೆಯಲ್ಲೇ, ಒಂದು ಕೊಡೆ ಕೆಳಗೆ ನಿಂತು, ಇವರು ಅದರ ಜಾತಕವನ್ನೆಲ್ಲ ಫೋನಿನಲ್ಲಿ ತೆಗೆದರು. ಅಲಾಂ ಪಸ್ಸಾರ್ ಅನ್ನುವ ಅಡುಗೆಯವರು 1986ರಲ್ಲಿ ತಮ್ಮ ಗುರುವಿನಿಂದ ಈ ಜಾಗ ಕೊಂಡರು. 1996ರಲ್ಲಿ ಮಿಶೆಲಿನ್‌ನ ಮೂರನೇ ನಕ್ಷತ್ರ ಬಂತು. ಮಾಂಸ ಸುಡುವುದರಲ್ಲಿ ಎತ್ತಿದ ಕೈ ಅಂತ ಹೆಸರಾಗಿದ್ದ ಮನುಷ್ಯ. 2001ರಲ್ಲಿ ಇನ್ನು ಕೆಂಪು ಮಾಂಸ ಮಾಡುವುದಿಲ್ಲ, ತರಕಾರಿಯೇ ನನ್ನ ಕೆಲಸ ಅಂದುಬಿಟ್ಟರು. ಊರೆಲ್ಲ ನಕ್ಕಿತಂತೆ, ಆದರೆ ನಕ್ಷತ್ರ ಒಂದೂ ಉದುರಲಿಲ್ಲ. ತಮ್ಮದೇ ತೋಟಗಳನ್ನು ಮಾಡಿಕೊಂಡರು. ಸಾರ್ತ್ ಅನ್ನುವ ಕಡೆ ಮರಳು ಮಣ್ಣು, ಅಲ್ಲಿ ಗಜ್ಜರಿಯಂಥ ಗೆಡ್ಡೆಗಳು. ಯೂರ್ ಅನ್ನುವ ಕಡೆ ಜೇಡಿ ಮಣ್ಣು, ಅಲ್ಲಿ ಕೋಸು. ಮೂರನೆಯದು ಸಮುದ್ರದ ಹತ್ತಿರ, ಅಲ್ಲಿ ಸೊಪ್ಪು. ಕೊನೆಗೆ 2025ರ ಜುಲೈನಲ್ಲಿ, ಅಂದರೆ ನಾವು ಹೋಗುವ ಮೂರು ತಿಂಗಳ ಹಿಂದಷ್ಟೇ, ಉಳಿದಿದ್ದ ಮೀನು, ಮೊಟ್ಟೆ, ಬೆಣ್ಣೆ ಎಲ್ಲ ಬಿಟ್ಟರು. ಜೇನುತುಪ್ಪ ಒಂದನ್ನು ಇಟ್ಟುಕೊಂಡಿದ್ದಾರೆ, ಸ್ವಂತ ಪೆಟ್ಟಿಗೆಯದು.

ನಕ್ಷತ್ರದ ಬಗ್ಗೆ ಒಂದು ಮಾತು. ಮಿಶೆಲಿನ್ ಅಂದರೆ ಟೈರ್ ಕಂಪನಿ. ಕಾರಿನವರು ಜಾಸ್ತಿ ಓಡಾಡಲಿ, ಟೈರು ಸವೆಯಲಿ ಅಂತ 1900ರಲ್ಲಿ ಒಂದು ಪುಸ್ತಕ ಪುಕ್ಕಟೆ ಹಂಚಿದರು. 1926ರಿಂದ ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡತೊಡಗಿದರು. ಎರಡು ನಕ್ಷತ್ರ ಅಂದರೆ ದಾರಿ ಬಿಟ್ಟು ಬಳಸಿ ಹೋಗಬಹುದು. ಮೂರು ಅಂದರೆ ಅದಕ್ಕೆಂದೇ ಪ್ರಯಾಣ ಹೊರಡಬಹುದು. ನಾವು ಹೇಗೂ ದಾವಣಗೆರೆಯಿಂದ ಹೊರಟು ಬಂದಾಗಿತ್ತು.

ರೇಟಿನ ಸಾಲಿಗೆ ಬಂದೆವು. ರಾತ್ರಿ ಊಟ ತಲೆಗೆ 420 ಯೂರೋ. ಮಧ್ಯಾಹ್ನದ್ದು 260.

"ಇಬ್ಬರಿಗೆ ಐನೂರ ಇಪ್ಪತ್ತು. ಐವತ್ತಮೂರು ಸಾವಿರ ಚಿಲ್ಲರೆ. ಬರೀ ತರಕಾರಿಗೆ!" ಅಂದೆ. "ನಮ್ಮ ಮಾರ್ಕೆಟ್ಟಲ್ಲಿ ಆ ದುಡ್ಡಿಗೆ ಒಂದು ಲಾರಿ ಬೀಟ್‌ರೂಟ್ ಬರುತ್ತೆ."

"ಬಾತುಕೋಳಿಗೆ ಕೊಡೋಕೆ ರೆಡಿ ಇದ್ದೆಯಲ್ಲ?"

"ಅದು ನಿಮಗೆ."

"ಹೌದಲ್ಲ" ಅಂದವರೇ ಕೊಡೆ ನನ್ನ ಕೈಗೆ ಕೊಟ್ಟು ಬಾಗಿಲು ತಳ್ಳಿ ಒಳಗೆ ಹೋದರು.

ಇಂಥ ಜಾಗಕ್ಕೆ ತಿಂಗಳ ಮುಂಚೆ ಬುಕ್ ಮಾಡಬೇಕು, ಶನಿವಾರ ಭಾನುವಾರ ಬಾಗಿಲೇ ತೆಗೆಯುವುದಿಲ್ಲ. ನೀವು ಹೋಗುವುದಾದರೆ ನಮ್ಮ ಹಾಗೆ ಮಾಡಬೇಡಿ, ಮನೆಯಿಂದಲೇ ಮಾಡಿಕೊಂಡು ಹೋಗಿ. ನಮ್ಮ ಅದೃಷ್ಟ, ಗುರುವಾರ ಮಧ್ಯಾಹ್ನ ಯಾರೋ ಇಬ್ಬರು ಬರುವುದಿಲ್ಲ ಅಂದಿದ್ದರು. ಕಾರ್ಡಿನ ನಂಬರು ತೆಗೆದುಕೊಂಡರು. ಏನಾದರೂ ಆಗಿಬರದ್ದು ಉಂಟಾ ಅಂತ ಕೇಳಿದರಂತೆ. ಇವರು ಅಭ್ಯಾಸದಂತೆ "ನನ್ನ ಹೆಂಡತಿ ಮೊಟ್ಟೆ ತಿನ್ನಲ್ಲ" ಅಂತ ಶುರು ಮಾಡಿ, ಅರ್ಧಕ್ಕೇ ನಿಲ್ಲಿಸಿ, ನಕ್ಕು ಬಂದರು. ಇಪ್ಪತ್ತೈದು ವರ್ಷದಲ್ಲಿ ಆ ವಾಕ್ಯ ಬೇಕಾಗದೇ ಹೋಗಿದ್ದು ಅದೊಂದೇ ಸಲ.

ಬುಧವಾರ

ವರ್ಸೇಲ್ ಅರಮನೆ. ಕನ್ನಡಿ ಹಾಲ್‌ನಲ್ಲಿ ಜನ ಜಾತ್ರೆ. ನನಗೆ ಹಿಡಿಸಿದ್ದು ಅರಮನೆಗೆ ಸ್ವಲ್ಪ ದೂರದ ರಾಜನ ತರಕಾರಿ ತೋಟ. ಹದಿನಾಲ್ಕನೇ ಲೂಯಿಗೆ ಅಂತ 1678ರಿಂದ 83ರವರೆಗೆ ಮಾಡಿದ್ದು. ಜೌಗು ನೆಲಕ್ಕೆ ಮಣ್ಣು ಹೊರಿಸಿ, ಗೋಡೆ ಕಟ್ಟಿಸಿ, ಗೊಬ್ಬರದ ಬಿಸಿಯಲ್ಲಿ ಚಳಿಗಾಲದಲ್ಲೂ ಬೆಳೆ ತೆಗೆಯುತ್ತಿದ್ದರಂತೆ. ರಾಜನಿಗೆ ಹಸಿ ಬಟಾಣಿ ಅಂದರೆ ಪ್ರಾಣ. ಆಸ್ಥಾನದವರು ಅವನನ್ನು ನೋಡಿ ಬಟಾಣಿಗೆ ಮುಗಿಬಿದ್ದರು. ತರಕಾರಿಗೆ ಹುಚ್ಚು ಹಿಡಿಸಿಕೊಂಡವರಲ್ಲಿ ನಾವೇ ಮೊದಲಲ್ಲ ಅಂತ ಸ್ವಲ್ಪ ಸಮಾಧಾನವಾಯಿತು.

ರಾತ್ರಿ ರೂಮಿನಲ್ಲಿ ಸೀರೆಗೆ ಇಸ್ತ್ರಿ ಹಾಕಿದೆ.

ಗುರುವಾರ

ಇಳಕಲ್ ಸೀರೆ ಉಟ್ಟೆ, ದಾಳಿಂಬೆ ಬಣ್ಣದ್ದು. ಇವರು ಅಳಿಯನ ಕೋಟು ಹಾಕಿದರು, ಗುಂಡಿ ಹಾಕಲು ಆಗುತ್ತಿರಲಿಲ್ಲ. ಹಾಗೇ ಬಿಟ್ಟರೆ ಚಂದ ಅಂದೆ.

ಹೋಟೆಲಿನ ಒಳಗೆ ಸಣ್ಣ ಹಾಲ್. ಗೋಡೆಗೆ ಮರದ ಹಲಗೆ, ಒಂದು ಕಡೆ ವಯಸ್ಸಾದ ಹೆಂಗಸಿನ ಚಿತ್ರ. ಅದು ಪಸ್ಸಾರ್ ಅವರ ಅಜ್ಜಿ ಲೂಯಿಸ್, ಅವರಿಗೆ ಅಡುಗೆಯ ರುಚಿ ಹತ್ತಿಸಿದವರು. ಅಜ್ಜಿ ಫೋಟೋ ಹಾಕಿದ ಹೋಟೆಲು ಅಂದರೆ ನನಗೆ ಅರ್ಧ ನಂಬಿಕೆ ಬಂದ ಹಾಗೇ. ಟೇಬಲ್ಲಿನ ಮೇಲೆ ಹೂವಿನ ಬದಲು ಒಂದು ಕುಂಬಳಕಾಯಿ ಕೂತಿತ್ತು. ಆಯುಧಪೂಜೆ ಮುಗಿದು ವಾರವಾಗಿತ್ತು. ಒಡೆಯಲು ಯಾರಾದರೂ ಬರುತ್ತಾರೇನೋ ಅಂತ ಇವರು ಪಿಸುಗುಟ್ಟಿದರು.

ನೀರು ಕೇಳಿದಾಗ "ಕರಾಫ್ ದೋ" ಅಂತ ನಾನೇ ಹೇಳಿದೆ. ಯಾರೂ ಹುಬ್ಬೇರಿಸಲಿಲ್ಲ.

ಮೊದಲು ಬ್ರೆಡ್ಡು ಬಂತು. ದಪ್ಪ ಸಿಪ್ಪೆಯ, ಸ್ವಲ್ಪ ಹುಳಿ ಇರುವ ಬ್ರೆಡ್ಡು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಬಟರ್ ಪ್ಲೀಸ್" ಅಂದೆ. ಹುಡುಗ ತುಂಬ ಮೆತ್ತಗೆ, ಇಲ್ಲಿ ಈಗ ಬೆಣ್ಣೆ ಇಲ್ಲ ಮೇಡಂ ಅಂತ ವಿವರಿಸಿದ. ಗೋಡೆ ಮೇಲೆ ನಾನೇ ಓದಿದ್ದೆ, ಮರೆತಿತ್ತು. ಇವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ನಗುತ್ತಿದ್ದರು. "ದಾವಣಗೆರೆಯಿಂದ ಏಳೂವರೆ ಸಾವಿರ ಕಿಲೋಮೀಟರ್ ಬಂದು ಬೆಣ್ಣೆ ಇಲ್ಲದ ಹೋಟೆಲೇ ಬೇಕಿತ್ತಾ ನಿಂಗೆ?"

ಆಮೇಲೆ ತಟ್ಟೆಗಳು ಬರತೊಡಗಿದವು. ಖಾರಕ್ಕೆ ಒಗ್ಗಿದ ನನ್ನ ನಾಲಿಗೆಗೆ ಮೊದಲೆರಡು ತಟ್ಟೆಯಲ್ಲಿ ಏನೂ ಕೇಳಿಸಲೇ ಇಲ್ಲ. ಗಲಾಟೆಯ ಬೀದಿಯಿಂದ ಬಂದವರಿಗೆ ಮನೆಯೊಳಗಿನ ಗಡಿಯಾರದ ಸದ್ದು ಕೇಳಲು ಸ್ವಲ್ಪ ಹೊತ್ತು ಬೇಕಲ್ವಾ, ಹಾಗೆ. ಮೂರನೆಯದು ಒಂದು ಬಟ್ಟಲು ತಿಳಿ. ಅದರಲ್ಲಿ ಉಗುರಿನಷ್ಟು ಸಣ್ಣ ನಾಲ್ಕೈದು ಕಡುಬು. ಅವರು ರವಿಯೋಲಿ ಅಂದರು, ನಮ್ಮ ಹೂರಣದ ಕಡುಬಿನ ಮರಿ ಅದು. ಹಿಟ್ಟು ಎಷ್ಟು ತೆಳು ಅಂದರೆ ಒಳಗಿನ ತರಕಾರಿಯ ಬಣ್ಣ ಹೊರಗೆ ಕಾಣುತ್ತಿತ್ತು, ಒಂದರಲ್ಲಿ ಹಸಿರು, ಒಂದರಲ್ಲಿ ಕಿತ್ತಳೆ. ತಿಳಿಯನ್ನು ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಹೋಳಿಗೆ ಮಾಡಿದ ದಿನ ಅಮ್ಮ ಬೇಳೆ ಕಟ್ಟನ್ನು ಬಸಿದು, ಒಗ್ಗರಣೆ ಹಾಕುವ ಮುಂಚೆ, ಒಲೆ ಮುಂದೆ ಕೂತ ನನಗೆ ಒಂದು ಲೋಟ ಕೊಡುತ್ತಿದ್ದಳು. ಆ ಬಣ್ಣ, ಆ ಬಿಸಿ. ರುಚಿ ಬೇರೆ, ಗಜ್ಜರಿ, ಈರುಳ್ಳಿ, ಯಾವುದೋ ಸೊಪ್ಪು. ಆದರೂ ನನಗೆ ಮಾತು ನಿಂತಿತು. ಬಟ್ಟಲು ಎತ್ತಿ ಕುಡಿಯಬಹುದಾ ಅಂತ ಆಚೀಚೆ ನೋಡಿದೆ. ಕುಡಿದೆ.

ಬೀಟ್‌ರೂಟು ಬರುವ ಮುಂಚೆ ಅದರ ಮೆರವಣಿಗೆ ಬಂತು. ಒಂದು ತಟ್ಟೆಯಲ್ಲಿ ಬೂದು ಬಣ್ಣದ ಉಪ್ಪಿನ ಗುಡ್ಡ, ಹುತ್ತದ ಹಾಗೆ ಗಟ್ಟಿಯಾಗಿ ಸುಟ್ಟಿದೆ. ಗೆರಾಂಡ್ ಅನ್ನುವ ಕರಾವಳಿಯ ಸಮುದ್ರದ ಉಪ್ಪು. ಒಡೆದರು. ಒಳಗೆ ಇಡೀ ಬೀಟ್‌ರೂಟು, ಸಿಪ್ಪೆ ಸುಕ್ಕಾಗಿ, ಹಬೆಯಾಡುತ್ತಾ ಕೂತಿದೆ. ಅಜ್ಜಿ ಬಚ್ಚಲ ಒಲೆಯ ಬೂದಿಯಲ್ಲಿ ಗೆಣಸು ಹೂಳುತ್ತಿದ್ದಳಲ್ಲ, ಅದೇ ವಿದ್ಯೆ. ಸಿಪ್ಪೆ ತೆಗೆದು, ಕತ್ತರಿಸಿ, ಮೇಲೆ ಎರಡು ಹನಿ ಕಪ್ಪಗಿನ ಹಳೇ ವಿನೆಗರ್ ಬಿಟ್ಟರು. ಚಾಕು ಇಟ್ಟರೆ ಹಣ್ಣಿನ ಹಾಗೆ ಜಾರಿತು. ಉಪ್ಪಿನ ಗುಡ್ಡದೊಳಗೆ ಬೆಂದದ್ದು ಉಪ್ಪುಪ್ಪಾಗಿರಬೇಕಲ್ವಾ? ಇಲ್ಲ. ಸಿಪ್ಪೆ ಒಳಗೆ ಉಪ್ಪನ್ನು ಬಿಟ್ಟುಕೊಂಡಿಲ್ಲ, ತನ್ನ ನೀರನ್ನು ಹೊರಗೂ ಬಿಟ್ಟಿಲ್ಲ. ನಾನು ಮೂವತ್ತು ವರ್ಷದಿಂದ ಬೀಟ್‌ರೂಟನ್ನು ಕುಕ್ಕರಿನಲ್ಲಿ ನೀರು ಹಾಕಿ ಕೂಗಿಸಿ, ಆ ಕೆಂಪು ನೀರನ್ನು ಚೆಲ್ಲಿ ಪಲ್ಯ ಮಾಡುತ್ತಿದ್ದೇನೆ. ಚೆಲ್ಲಿದ್ದೇ ರುಚಿ ಅಂತ ಆವತ್ತು ಗೊತ್ತಾಯಿತು. ಆ ಸಿಟ್ಟಿಗೆ ಇವರ ತಟ್ಟೆಯಿಂದಲೂ ಎರಡು ಹೋಳು ತೆಗೆದೆ.

ಇವರು ಏನಾದರೂ ಬೇಜಾರು ಮಾಡಿಕೊಂಡಿದ್ದಾರಾ ಅಂತ ನಡುನಡುವೆ ಮುಖ ನೋಡುತ್ತಿದ್ದೆ. ಅವರು ಅಷ್ಟು ಹೊತ್ತಿಗೆ ಬ್ರೆಡ್ಡಿನ ಚೂರಿನಲ್ಲಿ ತಟ್ಟೆ ಒರೆಸುತ್ತಿದ್ದರು.

"ನೀನು ಯಾವಾಗ್ಲೂ ಮೊದಲು ತಿಂದು ಮುಗಿಸಿ ಕೂತಿರ್ತಿದ್ದೆ" ಅಂದರು. "ಇವತ್ತು ನಿಂಗೆ ಕಾಯ್ತಾ ಇದೀನಿ ನಾನು."

ಹೌದು. ಬ್ರೆಡ್ಡು ತಿನ್ನಲು ಎಷ್ಟು ಹೊತ್ತು ಬೇಕು? ಮೂರು ಗಂಟೆ ಕೂತಿದ್ದೆವು. ಯಾರೂ ಏಳಿ ಅನ್ನಲಿಲ್ಲ, ಬಿಲ್ಲು ನಾವು ಕೇಳುವವರೆಗೂ ಬರಲಿಲ್ಲ. ಅದು ಇಲ್ಲಿನ ಪದ್ಧತಿ, ಕೇಳದೇ ಬಿಲ್ಲು ತಂದಿಟ್ಟರೆ ಎದ್ದೇಳಿ ಅಂದಂತೆ.

ಬಿಲ್ಲು ಬಂತು. ಮುಯ್ಯಿ ಕವರು ತೆಗೆದು ನೋಟು ಎಣಿಸಿದೆ. ಇವರಿಗೆ ನಾಚಿಕೆ, ಕಾರ್ಡು ಕೊಡೋಣ ಅಂತ ಕಾಲಲ್ಲಿ ತಿವಿದರು. ನಾನು ಬಿಡಲಿಲ್ಲ. ತಪ್ಪದೇ ಎರಡು ಸಲ ಎಣಿಸಿ ಇಟ್ಟೆ. ಹುಡುಗ ಕವರಿನ ಮೇಲಿನ ನಾಣ್ಯ ತೋರಿಸಿ ಇದೇನು ಅಂತ ಕೇಳಿದ. ನೂರಕ್ಕೆ ಒಂದು ಸೇರಿಸಿ ಕೊಟ್ಟರೆ ಶುಭ ಅಂತ ಇವರು ಇಂಗ್ಲಿಷಿನಲ್ಲಿ ಹೇಳಿದರು. ಅವನಿಗೆ ಅದು ಬಹಳ ಹಿಡಿಸಿತು. ನಾಣ್ಯ ಕಿತ್ತು ಅವನಿಗೇ ಕೊಟ್ಟೆ.

ಚಹಾದ್ದು ಎಲ್ಲ ಕಳೆದು ಕವರಿನಲ್ಲಿ ನಲವತ್ತು ಯೂರೋ ಚಿಲ್ಲರೆ ಉಳಿಯಿತು. ಸೇನ್ ದಂಡೆಯ ಮೇಲೆ ಕತ್ತಲಾಗುವವರೆಗೆ ನಡೆದೆವು. ರಾತ್ರಿ ಇವರಿಗೆ ಹಸಿವಾಗಿ ಊರಿಂದ ತಂದ ಖಾರ ಮಂಡಕ್ಕಿ ಬಿಚ್ಚಿದರು. ನಾನೂ ಒಂದು ಮುಷ್ಟಿ ತಿಂದೆ. ಸುಳ್ಳು ಯಾಕೆ ಹೇಳಲಿ, ಅದೂ ಚೆನ್ನಾಗಿತ್ತು.

ಶುಕ್ರವಾರ

ವಿಮಾನ ರಾತ್ರಿಗೆ. ಬೆಳಗ್ಗೆ ಪೆಟ್ಟಿಗೆ ಕಟ್ಟಿ ಕೌಂಟರಿನಲ್ಲಿಟ್ಟು, "ನಡೀರಿ" ಅಂದೆ. ಎಲ್ಲಿಗೆ ಅಂತ ಹೇಳಲಿಲ್ಲ. ಶಾರ್ತಿಯೇ ಬಾಗಿಲು ತೆಗೆಯುವ ಹೊತ್ತಿಗೆ ಕ್ಯೂನಲ್ಲಿ ನಿಂತಿದ್ದೆವು.

ಒಳಗೆ ಕೂತ ಮೇಲೆ ಇವರು ಪಟ್ಟಿ ನೋಡುವ ಮುಂಚೆ ನಾನೇ ವೇಟರಿಗೆ ಬೆರಳಿಟ್ಟು ತೋರಿಸಿದೆ. ಕೊಂಫಿ ದ ಕನಾರ್. ಅದರದೇ ಕೊಬ್ಬಿನಲ್ಲಿ ನಿಧಾನ ಬೇಯಿಸಿದ ಬಾತುಕೋಳಿ ಕಾಲು, 15 ಯೂರೋ ಒಳಗೇ. ಬೆಳ್ಳಿ ಪ್ರೆಸ್ಸಿಲ್ಲ, ನದಿ ಇಲ್ಲ. ನನಗೆ ಮತ್ತೆ ಅದೇ ಲೀಕು.

ಇವರು ಮೂಳೆ ಬಿಡದೆ ತಿಂದರು. ಪಕ್ಕದಲ್ಲಿ ಕೂತಿದ್ದ ಇಬ್ಬರು ಫ್ರೆಂಚ್ ಅಜ್ಜಿಯರು ತಲೆಯಾಡಿಸಿ ಮೆಚ್ಚಿಕೊಂಡರು. ವೇಟರು ಬಂದು ಕಾಗದದ ಮೇಲೆ ಕೂಡಿಸಿ ಗೆರೆ ಎಳೆದ. ಅವನ ಪೆನ್ನು ಒಂದು ನಿಮಿಷ ಕೇಳಿದೆ. ಅವನು ಬರೆದ "ಕನಾರ್" ಅನ್ನುವುದರ ಪಕ್ಕದಲ್ಲಿ "ನಂ. 1" ಅಂತ ದಪ್ಪಗೆ ಬರೆದು, ಆ ಮೂಲೆಯನ್ನು ಹರಿದು, ಇವರ ಕೈಗೆ ಕೊಟ್ಟೆ.

ಇವರು ಅದನ್ನು ನಾಲ್ಕು ಮಡಿಕೆ ಮಾಡಿದರು. ಹಿಂದಿನ ಜೇಬಿನಿಂದ ಪರ್ಸು ತೆಗೆದು ಅದರೊಳಗಿಟ್ಟರು.